ಅಟ್ಟದ ಕೆಳಗೆ ಎರಡು ಸ್ಪೀಕರು

ನನ್ನ ಮೇಜಿನ ಮೇಲೆ ಎರಡು ದೊಡ್ಡ ಕಪ್ಪು ಸ್ಪೀಕರುಗಳಿವೆ. ಅವುಗಳಿಗೆ ಈಗ ಹಳೆಯ ಪಂಚೆಯೊಂದನ್ನು ಹೊದಿಸಿದ್ದೇನೆ. ಕೇಳಿದವರಿಗೆ ಧೂಳಿಗೆ ಅಂತ ಹೇಳುತ್ತೇನೆ. ತೆಂಗಿನಕಾಯಿ ತುಂಬಿದ ಅಟ್ಟದ ಕೆಳಗೆ ಕೂರುವವನಿಗೆ ಧೂಳಿನ ನೆಪ ಸುಲಭವಾಗಿ ಸಿಗುತ್ತದೆ. ನಿಜ ಹೇಳಬೇಕೆಂದರೆ ಅವುಗಳ ಮುಖ ನೋಡುವುದಕ್ಕೆ ನನಗೆ ನಾಚಿಕೆ.

ನಾನು ಮೊದಲು ಮೈಕ್‌ಸೆಟ್ಟಿನವನು. ದಂಡಿನಶಿವರದ ಸುತ್ತಮುತ್ತ ಮದುವೆ, ನಾಮಕರಣ, ಗೃಹಪ್ರವೇಶ ಅಂದರೆ ಬಾಕ್ಸು, ಹಾರ್ನು, ವೈರಿನ ಸುರುಳಿ ಹೇರಿಕೊಂಡು ಹೋಗಿ ಕಟ್ಟಿ ಬರುತ್ತಿದ್ದೆ. ಎಷ್ಟು ಜೋರಾಗಿ ಕೇಳಿಸಿದರೆ ಅಷ್ಟು ಒಳ್ಳೆಯ ಸೆಟ್ಟು ಅನ್ನುವ ಕಾಲ ಅದು. ಆಮೇಲೆ ಕಂಪ್ಯೂಟರು, ಒಳ್ಳೆಯದೊಂದು ಮೈಕು ಬಂದವು. ಭಜನೆ ತಂಡದವರು, ಶಾಲೆ ವಾರ್ಷಿಕೋತ್ಸವದವರು ರೆಕಾರ್ಡಿಂಗಿಗೆ ಬರತೊಡಗಿದರು. ಹಾಡುವವರ ದನಿ, ತಬಲ, ಹಾರ್ಮೋನಿಯಂ, ತಾಳ, ಇವು ಒಂದನ್ನೊಂದು ತುಳಿಯದ ಹಾಗೆ ಹೊಂದಿಸಿ ಕೊಡುವುದು ನನ್ನ ಕೆಲಸ. ಅದಕ್ಕೆ ಮಿಕ್ಸಿಂಗ್ ಅನ್ನುತ್ತಾರೆ. ಬೆಳಗ್ಗೆ ಅಣ್ಣನ ಜೊತೆ ತೋಟ, ಮಧ್ಯಾಹ್ನದ ಮೇಲೆ ಈ ಕೋಣೆ.

ಕೋಣೆ ಅಂದರೆ ಕಾಯಿ ಅಟ್ಟದ ಕೆಳಗಿನ ಜಾಗ. ನಮ್ಮ ಕಡೆ ಕೊಬ್ಬರಿ ಮಾಡುವವರು ಕಾಯಿಯನ್ನು ಕಿತ್ತ ತಕ್ಷಣ ಒಡೆಯುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ, ಹೆಚ್ಚುಕಡಿಮೆ ವರ್ಷವಿಡೀ ಅಲ್ಲೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಗಟಗಟ ಅನ್ನುತ್ತದೆ. ಗಾಳಿಯಾಡಲಿ ಅಂತ ಅಟ್ಟದ ನೆಲಕ್ಕೆ ಬಿದಿರಿನ ದಬ್ಬೆಗಳನ್ನು ಸಂದು ಬಿಟ್ಟು ಹಾಸಿರುತ್ತಾರೆ. ಹಾಗಾಗಿ ನನ್ನ ಕೋಣೆಗೆ ಚಾವಣಿ ಅಂತ ಇದ್ದದ್ದು ಆ ದಬ್ಬೆಗಳು, ಅವುಗಳ ಮೇಲೆ ಹೆಂಚು ಮುಟ್ಟುವಷ್ಟು ಕಾಯಿ. ಹುಟ್ಟಿದಾಗಿನಿಂದ ನೋಡಿದ್ದೇ ಆದ್ದರಿಂದ ಅದರ ಕಡೆ ನಾನು ತಲೆ ಎತ್ತಿ ನೋಡುತ್ತಲೂ ಇರಲಿಲ್ಲ.

ಇನ್ನು ಅತ್ತಿಗೆಯ ವಿಷಯ. ಅವರು ಕಂದಿಕೆರೆ ಕಡೆಯಿಂದ ಈ ಮನೆಗೆ ಸೊಸೆಯಾಗಿ ಬಂದಾಗ ನಾನಿನ್ನೂ ಮಿಡ್ಲ್‌ಸ್ಕೂಲಿನಲ್ಲಿದ್ದೆ. ಅವರ ದನಿ ತಗ್ಗು, ದಪ್ಪ. ತವರಿನಲ್ಲಿ ಎಲ್ಲರೂ ಗಂಡು ಗಂಟಲು ಅಂತ ರೇಗಿಸಿ ರೇಗಿಸಿ, ಮದುವೆಮನೆಗಳಲ್ಲಿ ಸೋಬಾನೆ ಹೇಳುವಾಗಲೂ ಹಿಂದೆ ಕೂತು ತುಟಿ ಆಡಿಸಿ ಎದ್ದು ಬರುವ ಅಭ್ಯಾಸ ಅವರಿಗೆ. ಆದರೆ ಅಡುಗೆಮನೆಯಲ್ಲಿ ಒಬ್ಬರೇ ಇದ್ದಾಗ ಹಾಡುತ್ತಿದ್ದರು. ರಾಗಿ ಹಿಟ್ಟು ಜರಡಿ ಹಿಡಿಯುತ್ತಾ, ಹೂ ಕಟ್ಟುತ್ತಾ, ಶಿವನ ಪದಗಳನ್ನು ತಮ್ಮ ಪಾಡಿಗೆ ತಾವು ಹಾಡಿಕೊಳ್ಳುತ್ತಿದ್ದರು. ನಾನು ಬಾಗಿಲ ಬಳಿ ಕೂತು ಲೆಕ್ಕ ಮಾಡುತ್ತಿದ್ದೆ. ಲೆಕ್ಕ ಬರಲಿಲ್ಲ, ಆ ಹಾಡುಗಳು ಮಾತ್ರ ಮನಸ್ಸಿನಲ್ಲಿ ಉಳಿದವು. ನನಗೆ ದನಿಯ ಹುಚ್ಚು ಹತ್ತಿದ್ದು ಎಲ್ಲಿಂದ ಅಂತ ಯಾರಾದರೂ ಕೇಳಿದರೆ ನಾನು ಮೈಕ್‌ಸೆಟ್ಟಿನ ಕಡೆ ಕೈ ತೋರಿಸುತ್ತೇನೆ. ಅದು ಸುಳ್ಳು.

ನಮ್ಮೂರ ಹೆಂಗಸರು ಸೇರಿ ಭಜನಾ ಮಂಡಳಿ ಕಟ್ಟಿಕೊಂಡಾಗ, ಶಿವರಾತ್ರಿಗೆ ಒಂದಷ್ಟು ಪದಗಳನ್ನು ರೆಕಾರ್ಡ್ ಮಾಡಿ ಎಲ್ಲರ ಮೊಬೈಲಿಗೂ ಹಾಕಬೇಕು ಅನ್ನುವ ಆಸೆ ಅವರಿಗೆ ಹುಟ್ಟಿತು. ಮುಂದೆ ನಿಂತು ಹಾಡುವವರು ಯಾರು ಎಂಬ ಮಾತು ಬಂದಾಗ ಅತ್ತಿಗೆಯ ಹೆಸರು ಹೇಳಿದವನು ನಾನೇ.

"ನನ್ನ ಗಂಟ್ಲು ಕೇಳಿದ್ರೆ ಜನ ಹೆದರ್ಕತ್ತಾರೆ ಕಣಪ್ಪ, ಬ್ಯಾಡ ಬುಡು" ಅಂದರು.

"ನೀವೇ ಹಾಡಬೇಕು ಅತ್ತಿಗೆ. ಇಲ್ದಿದ್ರೆ ನಾನು ಮೈಕೇ ಹಾಕಲ್ಲ" ಅಂತ ಹಟ ಹಿಡಿದೆ. ಹೊಗಳಿದೆ, ಗೋಗರೆದೆ, ಕೊನೆಗೆ ಅಣ್ಣನ ಕೈಲಿ ಹೇಳಿಸಿದೆ. ಒಪ್ಪಿಕೊಂಡರು. ಅಷ್ಟು ವಯಸ್ಸಿಗೆ ಮೊದಲ ಬಾರಿ ಹತ್ತು ಜನರ ಮುಂದೆ ಬಾಯಿ ತೆರೆಯಲು ಅವರು ಒಪ್ಪಿದ್ದು ನನ್ನ ಮಾತು ನಂಬಿಕೊಂಡು. ಇದನ್ನು ಮರೆಯುವ ಹಾಗಿಲ್ಲ.

ಈ ಕೆಲಸದ ನೆಪದಲ್ಲೇ ನಾನು ಹೊಸ ಸ್ಪೀಕರು ತರಲು ಹೊರಟೆ. ಸ್ಟುಡಿಯೋದವರು ಬಳಸುವ ಸ್ಪೀಕರಿಗೆ ಮಾನಿಟರ್ ಅನ್ನುತ್ತಾರೆ. ಮನೆಯ ಸ್ಪೀಕರು ಹಾಡಿಗೆ ಸ್ವಲ್ಪ ಪೌಡರು ಬಳಿದು, ಹೂ ಮುಡಿಸಿ ಕಳಿಸುತ್ತದೆ. ಮಾನಿಟರು ಹಾಸಿಗೆಯಿಂದ ಆಗತಾನೆ ಎದ್ದ ಮುಖವನ್ನೇ ತೋರಿಸುತ್ತದೆ. ತಪ್ಪು ಕಂಡರೆ ತಾನೇ ತಿದ್ದುವುದು? ಬೆಂಗಳೂರಿನ ಅಂಗಡಿಯವರು ಮೈಕ್‌ಸೆಟ್ಟಿನ ಕಾಲದಿಂದ ಪರಿಚಯ. ಕೋಣೆ ಎಷ್ಟು ದೊಡ್ಡದು ಅಂತ ಕೇಳಿದರು. ಕೈ ಚಾಚಿ ತೋರಿಸಿದೆ.

"ಮಿಕ್ಸಿಂಗಿಗೋ, ಹಾಡು ಕೇಳೋಕೋ?" ಅಂದರು.

"ಎರಡಕ್ಕೂ" ಅಂದೆ.

ಅವರು ನಕ್ಕು, ಆ ಕೋಣೆಗೆ ಚಿಕ್ಕ ಜೊತೆ ಸಾಕು, ದೊಡ್ಡವು ಕೇಳುವುದಕ್ಕೆ ಚೆಂದ, ಆದರೆ ಚಿಕ್ಕ ಕೋಣೆಯಲ್ಲಿ ಒಮ್ಮೊಮ್ಮೆ ಗುಂಯ್ ಅನ್ನುತ್ತವೆ ಅಂದರು. ನನ್ನ ಮುಖ ಸಪ್ಪಗಾದದ್ದು ಕಂಡಿರಬೇಕು. ಎರಡೂ ಜೊತೆ ಮನೆಗೆ ಒಯ್ದು ಕೇಳಿ ನೋಡಿ, ಬೇಡವಾದದ್ದನ್ನು ವಾಪಸ್ ತಂದುಕೊಡಿ ಎಂದು ಹೇಳಿ ಕಳಿಸಿದರು.

ಅದು ಕಾರ್ತಿಕ ಮಾಸ. ಅಟ್ಟದ ತುಂಬ ಕಾಯಿ. ಅತ್ತಿಗೆಯನ್ನು ಕರೆದು ಮೈಕಿನ ಮುಂದೆ ಕೂರಿಸಿ, ಪರೀಕ್ಷೆಗೆ ಅಂತ ಒಂದು ಪದ ಹಾಡಿಸಿದೆ. ಮೊದಲು ಚಿಕ್ಕ ಜೊತೆಯಲ್ಲಿ ಕೇಳಿದೆ. ಅವರ ಉಸಿರು, ಬಳೆಯ ಸದ್ದು, ಸಾಲಿನ ಕೊನೆಯಲ್ಲಿ ದನಿ ತಳಕ್ಕಿಳಿದು ನಿಲ್ಲುವ ರೀತಿ, ಎಲ್ಲ ಸ್ಪಷ್ಟ. ದೊಡ್ಡ ಜೊತೆಯಲ್ಲೂ ಹಾಗೇ. ಯಾವ ಗುಂಯ್ಗುಡುವಿಕೆಯೂ ಇಲ್ಲ. ಆಮೇಲೆ ನನಗಿಷ್ಟವಾದ ಹಳೆಯ ಹಾಡುಗಳನ್ನು ಹಾಕಿದೆ. ಚಿಕ್ಕವುಗಳಲ್ಲಿ ತಬಲದ ಎಡಗೈ ಪೆಟ್ಟು ಬರೀ ಕಿವಿಗೆ ಕೇಳಿಸಿತು. ದೊಡ್ಡವುಗಳಲ್ಲಿ ಎದೆಗೆ ತಾಗಿತು. ಅಲ್ಲಿಗೆ ನನ್ನ ತೀರ್ಮಾನ ಮುಗಿದಿತ್ತು. ಆದರೂ ಮರ್ಯಾದೆಗೆ ಅಂತ ಅತ್ತಿಗೆಯನ್ನು ಕೇಳಿದೆ.

"ನಂಗೆ ಎರಡೂ ಒಂದೇ ತರ ಕೇಳ್ತದೆ. ನಿಂಗ್ಯಾವ್ದು ಇಷ್ಟವೋ ಅದನ್ನ ಇಟ್ಕ" ಅಂದರು. ಅವರ ಗಮನವೆಲ್ಲ ಬೇರೆ ಕಡೆ ಇತ್ತು. ತಮ್ಮ ದನಿಯನ್ನು ಹಾಗೆ ಎದುರಿಗಿಟ್ಟು ಕೇಳಿದ್ದು ಅದೇ ಮೊದಲು. ಹೋಗುವಾಗ ಬಾಗಿಲಲ್ಲಿ ನಿಂತು, "ಅಷ್ಟೇನು ಕೆಟ್ಟದಾಗಿಲ್ಲ ಅಲ್ವಾ?" ಅಂತ ಕೇಳಿದರು. ನಾನು ವೈರು ಸುತ್ತುತ್ತಾ, "ಚೆನ್ನಾಗಿದೆ, ಚೆನ್ನಾಗಿದೆ" ಅಂದೆ. ತಿರುಗಿಯೂ ನೋಡಲಿಲ್ಲ.

ಚಿಕ್ಕ ಜೊತೆ ಬೆಂಗಳೂರಿಗೆ ವಾಪಸ್ ಹೋಯಿತು. ಕೆಲಸಕ್ಕೆ ಅಂತ ಹೇಳಿ ನನ್ನ ಖುಷಿಗೆ ದೊಡ್ಡವನ್ನು ಉಳಿಸಿಕೊಂಡೆ. ಅಣ್ಣ ಬಂದು ಅವುಗಳ ಸುತ್ತ ಒಂದು ಸುತ್ತು ಹಾಕಿ, "ಇವು ಹಾಲು ಕೊಡ್ತವೇನ್ಲಾ?" ಅಂತ ಕೇಳಿ ಹೋದ.

ಸಂಕ್ರಾಂತಿ ಕಳೆದ ಮೇಲೆ ಅಟ್ಟದ ಕಾಯಿ ಇಳಿಸಿದರು. ಅಂಗಳದ ತುಂಬ ಸಿಪ್ಪೆಯ ರಾಶಿ, ಚಿಪ್ಪು ಒಡೆಯುವ ಸದ್ದು, ಕೊಬ್ಬರಿಯ ವಾಸನೆ. ಆ ಗದ್ದಲದಲ್ಲಿ ನನಗೆ ರೆಕಾರ್ಡಿಂಗ್ ಇರಲಿಲ್ಲ. ಎಲ್ಲ ಮುಗಿದು, ಕೊಬ್ಬರಿ ತಿಪಟೂರಿಗೆ ಹೋಗಿ, ಮನೆ ತಣ್ಣಗಾದ ಮೇಲೆ ಒಂದು ಮಧ್ಯಾಹ್ನ ಹಾಡು ಹಾಕಿದೆ. ಅಬ್ಬಾ, ಅದೇನು ಗುಮುಕು! ಎಡಗೈ ತಬಲ ಕುರ್ಚಿಯನ್ನೇ ಅಲ್ಲಾಡಿಸುತ್ತಿತ್ತು. ಹೊಸ ಸ್ಪೀಕರು ಕೆಲವು ದಿನ ಹಾಡಿದ ಮೇಲೆ ಪಳಗಿ ಚೆನ್ನಾಗಿ ತೆರೆದುಕೊಳ್ಳುತ್ತದೆ ಅಂತ ಇಂಟರ್ನೆಟ್ಟಿನಲ್ಲಿ ಓದಿದ್ದೆ. ಪಳಗಿದವು ಅಂದುಕೊಂಡೆ. ಅಣ್ಣನನ್ನು ಕರೆದು ಕೂರಿಸಿ ಕೇಳಿಸಿದೆ. ನನ್ನ ಆಯ್ಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಆ ವಾರವೇ ಮಂಡಳಿಯ ಹಾಡು ಶುರುವಾಯಿತು. ಅತ್ತಿಗೆ ಹೊಸ ಸೀರೆ ಉಟ್ಟು ಬಂದಿದ್ದರು. ಅವರು ಹಾಡಿದ್ದನ್ನು ಹಾಕಿ ಕೇಳಿದರೆ, ದನಿ ಕೆಳಗಿಳಿದಲ್ಲೆಲ್ಲ ಖಾಲಿ ಹಂಡೆಯೊಳಗೆ ಬಾಯಿಟ್ಟು ಕೂಗಿದ ಹಾಗೆ ಗುಂಯ್ ಅನ್ನುತ್ತಿತ್ತು. ಉಳಿದ ಹೆಂಗಸರ ದನಿಗೆ ಏನೂ ಆಗಿರಲಿಲ್ಲ. ಅವರದ್ದೆಲ್ಲ ಮೇಲಿನ ದನಿ. ಅತ್ತಿಗೆಯದ್ದು ಮಾತ್ರ ಕೋಣೆಯ ಮೂಲೆಮೂಲೆಯಲ್ಲೂ ಗುಡುಗುತ್ತಿತ್ತು. ಮಾನಿಟರು ಸುಳ್ಳು ಹೇಳುವುದಿಲ್ಲ ಅಂತ ನಂಬಿ ತಂದವನು ನಾನು. ಹಾಗಾದರೆ ತಪ್ಪು ಯಾರದ್ದು?

"ಮೈಕಿಂದ ಸ್ವಲ್ಪ ಹಿಂದೆ ಕೂತ್ಕೊಳ್ಳಿ ಅತ್ತಿಗೆ" ಅಂದೆ. ಕೂತರು. ಗುಂಯ್. "ಮೆತ್ತಗೆ ಹಾಡಿ" ಅಂದೆ. ಹಾಡಿದರು. ಗುಂಯ್. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ತಾಳ್ಮೆ ಕಡಿಮೆ. "ನಿಮ್ಮ ದನಿ ತುಂಬಾ ಗುಂಯ್ಗುಡ್ತಿದೆ. ಶ್ರುತಿ ಏರಿಸಿ" ಅಂದುಬಿಟ್ಟೆ. ಅವರು ಏರಿಸಿದರು. ಮತ್ತೂ ಏರಿಸಿ ಅಂದೆ. ಏರಿಸಿದರು. ಕತ್ತಿನ ನರ ಉಬ್ಬಿ, ಮೇಲಿನ ಸ್ವರಕ್ಕೆ ಹೋದಾಗ ದನಿ ಒಡೆಯಿತು. ಯಾರೋ ಕೆಮ್ಮಿದ ಹಾಗೆ ಮಾಡಿ ನಗು ನುಂಗಿದರು.

ಹೆಡ್‌ಫೋನ್ ಹಾಕಿಕೊಂಡು ಕೇಳಲಿಲ್ಲವೇ ಅಂತ ಯಾರಾದರೂ ಕೇಳಬಹುದು. ಕೇಳಿದ್ದೆ. ಅದರಲ್ಲಿ ಅವರ ದನಿ ಸರಿಯಾಗಿಯೇ ಇತ್ತು. ಆದರೆ ಅದು ಸಾಧಾರಣ ಹೆಡ್‌ಫೋನು. ಅದನ್ನು ನಂಬಿದರೆ ಆ ದೊಡ್ಡ ಕಪ್ಪು ಪೆಟ್ಟಿಗೆಗಳಿಗೆ ಏನು ಬೆಲೆ ಉಳಿಯಿತು? ನಂಬಲಿಲ್ಲ. ನನ್ನ ಹಾಡಿನಲ್ಲಿ ಅದೇ ಗುಂಯ್ ಬಂದಾಗ ಗುಮುಕು ಅಂತ ಕೊಂಡಾಡಿದೆ. ಅವರ ಗಂಟಲಿನಲ್ಲಿ ಬಂದಾಗ ದೋಷ ಅಂದೆ.

ಮಾರನೆಯ ದಿನ ಮತ್ತೆ ಪ್ರಯತ್ನಿಸಿದೆವು. ನಡುವೆ ಅವರೇ ನಿಲ್ಲಿಸಿ ಎದ್ದರು.

"ನಂದು ಗಂಡು ಗಂಟ್ಲು ಅಂತ ಮೊದ್ಲೇ ಹೇಳಿದ್ನಲ್ಲಪ್ಪ. ನಿಂಗೂ ಸುಮ್ನೆ ತೊಂದ್ರೆ. ಬೇರೆಯೋರ ಕೈಲಿ ಹಾಡ್ಸು" ಅಂದರು. ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿತ್ತು. ತಪ್ಪು ಮಾಡಿದವರ ಹಾಗೆ ಹೇಳಿದರು. ನನಗೆ ಆಗ ಅನ್ನಿಸಿದ್ದು ಏನು ಗೊತ್ತೆ? ಸದ್ಯ, ನಾನೇ ಹೇಳುವ ಮುಜುಗರ ತಪ್ಪಿತು ಅಂತ.

ಮುಂದಿನ ಬೀದಿಯ ಟೀಚರೊಬ್ಬರು ಹಾಡಿದರು. ಸಣ್ಣ, ಸಿಹಿ ದನಿ. ಎಲ್ಲೂ ಗುಂಯ್ ಅನ್ನಲಿಲ್ಲ. ಅವರದ್ದೇನೂ ತಪ್ಪಿಲ್ಲ. ಶಿವರಾತ್ರಿಯ ಹೊತ್ತಿಗೆ ಆ ಹಾಡುಗಳು ಊರಿನ ಎಲ್ಲ ಮೊಬೈಲುಗಳಲ್ಲಿದ್ದವು. ಎದುರುಮನೆಯವರು ಜೋರಾಗಿ ಹಾಕಿದ್ದಾಗ ಅತ್ತಿಗೆ ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದರು. "ಚೆನ್ನಾಗಿ ಮೂಡಿ ಬಂದೈತೆ ಕಣಪ್ಪ" ಅಂದರು. ಮಂಡಳಿಗೆ ಹೋಗುವುದನ್ನು ಮಾತ್ರ ನಿಲ್ಲಿಸಿದರು. ಮಂಡಿ ನೋವು, ನೆಲದ ಮೇಲೆ ಕೂರೋಕಾಗಲ್ಲ ಅನ್ನುವುದು ಕಾರಣ. ಅದೇ ಮಂಡಿ ಊರಿಕೊಂಡು ಕೊಟ್ಟಿಗೆ ಗುಡಿಸುತ್ತಿದ್ದರು.

ಮನೆಯಲ್ಲಿ ಏನೋ ಕಡಿಮೆಯಾಗಿದೆ ಅಂತ ಮೊದಲು ಗುರುತಿಸಿದವನು ದನಿಯ ಕೆಲಸ ಮಾಡುವ ನಾನಲ್ಲ. ಒಂದು ದಿನ ಊಟಕ್ಕೆ ಕೂತಾಗ ಅಣ್ಣ, "ಯಾಕ್ಲಾ, ನಿಮ್ಮತ್ತಿಗೆ ಈಚೀಚೆಗೆ ಹಾಡೇ ಹೇಳಲ್ಲ?" ಅಂದ. ನಾನು ಸಾರು ಬಡಿಸಿಕೊಂಡೆ.

ಯುಗಾದಿ ಕಳೆದ ಮೇಲೆ ಹೊಸ ಕಾಯಿ ಅಟ್ಟಕ್ಕೆ ಏರಿತು. ಒಂದು ಸಂಜೆ, ತೋಟದಿಂದ ಬಂದು ಕೈಕಾಲು ತೊಳೆದು, ಹಾಡು ಹಾಕಿಕೊಂಡು ಕೂತೆ. ಗುಮುಕು ಇಲ್ಲ. ತಬಲ ತನ್ನ ಪಾಡಿಗೆ ತಾನು ನೀಟಾಗಿ ನುಡಿಯುತ್ತಿದೆ, ಅಷ್ಟೆ. ವೈರು ಬಿಚ್ಚಿ ಸಿಕ್ಕಿಸಿದೆ. ಸ್ಪೀಕರನ್ನು ಮುಂದೆ ಎಳೆದೆ, ಹಿಂದೆ ತಳ್ಳಿದೆ. ಕೆಟ್ಟೇ ಹೋದವು ಅಂತ ತೀರ್ಮಾನಿಸಿ ಅಂಗಡಿಯವರಿಗೆ ಫೋನು ಮಾಡಿ ರೇಗಾಡಿದೆ.

"ರೂಮಲ್ಲಿ ಏನಾದ್ರೂ ಬದಲಾಯ್ತಾ?" ಅಂತ ಕೇಳಿದರು.

"ಏನೂ ಇಲ್ಲ ಕಣ್ರೀ! ಅದೇ ಮೇಜು, ಅದೇ ಕುರ್ಚಿ, ಅದೇ ಗೋಡೆ" ಅಂತ ಕೂಗಿದೆ. ಕೂಗುತ್ತಿರುವಾಗಲೇ ಮೇಲೆ ದಡದಡ ಸದ್ದಾಯಿತು. ಉಳಿದಿದ್ದ ಕಾಯಿಗಳನ್ನು ಅಣ್ಣ ಅಟ್ಟಕ್ಕೆ ಎಸೆಯುತ್ತಿದ್ದ. ದಬ್ಬೆಯ ಸಂದಿನಿಂದ ಧೂಳು ಉದುರಿ ನನ್ನ ತಲೆಯ ಮೇಲೆ ಬಿತ್ತು. ತಲೆ ಎತ್ತಿ ನೋಡಿದೆ. ಫೋನಿನಲ್ಲಿ ಅವರು ಹಲೋ ಹಲೋ ಅನ್ನುತ್ತಿದ್ದರು. ಆಮೇಲೆ ಮಾಡ್ತೀನಿ ಅಂತ ಇಟ್ಟೆ.

ಸ್ಟುಡಿಯೋಗಳಲ್ಲಿ ಗುಂಯ್ಗುಡುವ ಸದ್ದನ್ನು ಹೀರಲಿ ಅಂತ ಮೂಲೆಗಳಿಗೆ ದಪ್ಪ ದಿಂಬಿನಂಥವನ್ನು ಇಡುತ್ತಾರೆ. ನಾನು ಅಂಥವನ್ನು ಕೊಳ್ಳುವ ಯೋಚನೆಯನ್ನೂ ಮಾಡಿದ್ದೆ. ನನ್ನ ತಲೆಯ ಮೇಲೆ ಆಳೆತ್ತರ ನಾರಿನ ಸಿಪ್ಪೆಯ ರಾಶಿ ಕೂತು, ಪುಕ್ಕಟೆಯಾಗಿ ಆ ಕೆಲಸ ಮಾಡುತ್ತಿತ್ತು. ಅದನ್ನು ಇಳಿಸಿದ ದಿನ ನನ್ನ ಕೋಣೆ ಖಾಲಿ ಹಂಡೆಯಾಗಿತ್ತು. ಸ್ಪೀಕರು ಪಳಗಿರಲಿಲ್ಲ. ಅತ್ತಿಗೆಯ ಗಂಟಲು ಕೆಟ್ಟಿರಲಿಲ್ಲ. ಕಾಯಿ ಇರಲಿಲ್ಲ, ಅಷ್ಟೆ.

ಕಾರ್ತಿಕದಲ್ಲಿ ಪರೀಕ್ಷೆಗೆ ಅಂತ ಹಾಡಿಸಿದ್ದ ಪದ ಕಂಪ್ಯೂಟರಿನಲ್ಲಿ ಹಾಗೇ ಇತ್ತು. ತೆಗೆದು ಹಾಕಿದೆ. ಅದನ್ನು ಹೇಗೆ ಹೇಳಲಿ? ದನಿ ಸಾಲಿನ ಕೊನೆಯಲ್ಲಿ ಇಳಿದು, ತಳ ಮುಟ್ಟಿ, ಅಲ್ಲಿ ನೆಮ್ಮದಿಯಾಗಿ ನಿಲ್ಲುತ್ತಿತ್ತು. ಚಿಕ್ಕಂದಿನಲ್ಲಿ ಅಡುಗೆಮನೆಯ ಬಾಗಿಲಲ್ಲಿ ಕೇಳಿದ್ದೂ ಅದೇ ದನಿ. ಏರಿಸುವುದಕ್ಕೆ, ಇಳಿಸುವುದಕ್ಕೆ, ತಿದ್ದುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ಮೇಜಿಗೆ ತಲೆಯಿಟ್ಟು ಅತ್ತೆ. ಅತ್ತದ್ದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಮರುದಿನ ಬೆಳಗ್ಗೆ ಅತ್ತಿಗೆ ಹಿತ್ತಿಲಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ಎದುರಿಗೆ ಕುಕ್ಕರಗಾಲಲ್ಲಿ ಕೂತು ಎಲ್ಲ ಹೇಳಿದೆ. ಅಟ್ಟ, ಸಿಪ್ಪೆ, ಖಾಲಿ ಕೋಣೆ, ನನ್ನ ದೊಡ್ಡ ಸ್ಪೀಕರಿನ ಆಸೆ, ಹೆಡ್‌ಫೋನಿನಲ್ಲಿ ಕೇಳಿಯೂ ನಂಬದೆ ಹೋದದ್ದು, ಒಂದನ್ನೂ ಬಿಡಲಿಲ್ಲ. "ನಿಮ್ಮ ದನೀಲಿ ಏನೂ ದೋಷ ಇರ್ಲಿಲ್ಲ ಅತ್ತಿಗೆ. ತಪ್ಪೆಲ್ಲ ನಂದು" ಅಂದೆ.

ಅವರು ನಕ್ಕುಬಿಟ್ಟರು. "ಅಟ್ಟದ್ ಕಾಯಿಗೂ ನನ್ ಗಂಟ್ಲಿಗೂ ಏನಪ್ಪಾ ಸಂಬಂಧ? ಬೇಜಾರು ಮಾಡ್ಕಂಡಿದ್ದೀನಿ ಅಂತ ಏನೇನೋ ಕತೆ ಕಟ್ಕಂಡು ಬಂದಿದ್ದೀಯ. ನಂಗೇನೂ ಇಲ್ಲ ಬುಡು."

ಕೈ ಹಿಡಿದು ಎಬ್ಬಿಸಿ ಕೋಣೆಗೆ ಕರೆತಂದೆ. ಕಾರ್ತಿಕದ ಪದ ಹಾಕಿದೆ. ಸೆರಗಿನ ತುದಿಯನ್ನು ಬಾಯಿಗೆ ಹಿಡಿದು ನಿಂತೇ ಕೇಳಿದರು. ಅವರ ಮುಖ ಒಂದು ಗಳಿಗೆ ಅರಳಿದ್ದನ್ನು ನಾನು ನೋಡಿದೆ. ಸುಳ್ಳಲ್ಲ, ನೋಡಿದೆ. ಹಾಡು ಮುಗಿದಾಗ ನನ್ನ ಭುಜದ ಮೇಲೆ ಕೈಯಿಟ್ಟರು.

"ಮಿಷನ್ನಲ್ಲಿ ಚೆನ್ನಾಗಿ ಸರಿ ಮಾಡಿದ್ದೀಯ ಕಣಪ್ಪ. ನಂದೇ ದನಿ ಅನ್ನಂಗೇ ಇಲ್ಲ."

"ನಾನು ಮುಟ್ಟೇ ಇಲ್ಲ ಅತ್ತಿಗೆ. ಇದು ನೀವು ಹಾಡಿದ್ದು, ಹಾಡಿದ ಹಾಗೇ ಇದೆ" ಅಂದೆ. ನನ್ನ ದನಿ ಏರಿತ್ತು.

"ಆಯ್ತು, ಆಯ್ತು" ಅಂದರು, ಹಟ ಮಾಡುವ ಮಗುವಿಗೆ ಹೇಳುವ ಹಾಗೆ. ಎಷ್ಟೋ ಜನರ ಒಡಕು ದನಿಗಳನ್ನು ಹೊಂದಿಸಿ, ಒಪ್ಪ ಮಾಡಿ ಕೊಟ್ಟವನು ನಾನು. ಅವರು ಅದನ್ನೆಲ್ಲ ಕಣ್ಣಾರೆ ಕಂಡವರು. ತಿದ್ದುವುದೇ ಕಸುಬಾದವನು ತಿದ್ದಿಲ್ಲ ಅಂದರೆ ಯಾಕೆ ನಂಬಬೇಕು? ಬಾಗಿಲಲ್ಲಿ ಈ ಸಲ ನಿಲ್ಲದೆ ಹುಣಸೆಹಣ್ಣಿನ ಕಡೆ ನಡೆದರು.

ಅಂದಿನಿಂದ ಸ್ಪೀಕರುಗಳ ಮೇಲೆ ಪಂಚೆ ಇದೆ. ಕೆಲಸವಿದ್ದಾಗ ತೆಗೆಯುತ್ತೇನೆ, ಮುಗಿದ ಮೇಲೆ ಹೊದಿಸುತ್ತೇನೆ. ಖುಷಿಗೆ ಅಂತ ಹಾಡು ಹಾಕಿಕೊಂಡು ಕೂರಲು ಮನಸ್ಸಾಗುವುದಿಲ್ಲ.

ಮೊನ್ನೆ ಮುಂಗಾರಿನ ಮೊದಲ ಹದಮಳೆ ಬಿದ್ದಿತ್ತು. ಬೆಳಗ್ಗೆ ತೋಟದಿಂದ ಬೇಗ ಬಂದವನು ಜಗಲಿಯಲ್ಲಿ ಕಾಲು ತೊಳೆಯುತ್ತಿದ್ದೆ. ಒಳಗಿನಿಂದ ಹಾಡು ಕೇಳಿಸಿತು. ಅತ್ತಿಗೆಯೇ. ಅದೇ ತಗ್ಗಿನ ದನಿ, ಹಿಟ್ಟು ಜರಡಿ ಹಿಡಿಯುವ ಲಯಕ್ಕೆ ತೂಗುತ್ತಾ, ಸಾಲಿನ ಕೊನೆಯಲ್ಲಿ ಮೆಲ್ಲಗೆ ತಳಕ್ಕಿಳಿಯುತ್ತಿತ್ತು. ಎಷ್ಟು ತಿಂಗಳಾಗಿತ್ತೋ ಅದನ್ನು ಕೇಳಿ! ಚೊಂಬನ್ನು ಅಲ್ಲೇ ಬಿಟ್ಟು, ಒದ್ದೆ ಕಾಲಿನಲ್ಲೇ ಅಡುಗೆಮನೆಯ ಬಾಗಿಲಿಗೆ ಓಡಿದೆ. ಹಳೆಯ ಜಾಗದಲ್ಲೇ ನಿಂತೆ.

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಹಾಡು ನಿಲ್ಲಿಸಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು ಶ್ರುತಿ ಏರಿಸಿದರು. ಕತ್ತಿನ ನರ ಉಬ್ಬಿತು, ದನಿ ತೆಳ್ಳಗಾಗಿ ನಡುಗಿತು. ಆ ಸಾಲನ್ನು ಹೇಗೋ ದಡ ಮುಟ್ಟಿಸಿ, ಹಿಟ್ಟು ಮೆತ್ತಿದ ಕೈಯಿಂದ ಹಣೆ ಒರೆಸಿಕೊಂಡು ನಕ್ಕರು.

"ಇಷ್ಟು ಏರ್ಸಿದ್ರೆ ಸಾಕೇನಪ್ಪ?" ಅಂತ ಕೇಳಿದರು.